ಕಸುಬಿನ ಮಾತು: ಅಜ್ಜನ ಜೋಡಿ ನಳಿಗೆಯ ಕೋವಿ

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿ (ಕೊಡವ ಮನೆತನದ ಹಿರಿಮನೆ) ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿ ಇದೆ. ಕೈಲ್ ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕಲ್ಕತ್ತದ ಮ್ಯಾಂಟನ್ ಕಂಪನಿಯ ಹೆಸರಿದೆ. ಆದರೆ ಇದು ಇಂಗ್ಲೆಂಡಿನದು ಎನ್ನುತ್ತಾರೆ ಹಿರಿಯರು. ನಳಿಗೆಯ ತುಂಬ ಸುರುಳಿ ಗೆರೆಗಳಿವೆ. ಇದನ್ನು ನಿಜವಾಗಿಯೂ ಕೈಯಲ್ಲೇ ಮಾಡುತ್ತಿದ್ದರೇ? ಈಗ ಹಾರಿಸಬಹುದೇ?
— ಓದುಗರು, ವಿರಾಜಪೇಟೆ

ಉತ್ತರ: ಹಿರಿಯರ ಮಾತು ನಿಜವಿರಬಹುದು. ಕಲ್ಕತ್ತದ ಮ್ಯಾಂಟನ್, ರೊಡ್ಡಾ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಮುಂತಾದ ಅಂಗಡಿಗಳು ಇಂಗ್ಲೆಂಡಿನಿಂದ ಕೋವಿ ತರಿಸಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಅವುಗಳಲ್ಲಿ ಬಹಳಷ್ಟು ಬರ್ಮಿಂಗ್‌ಹ್ಯಾಮಿನವು. ಅಲ್ಲಿ ಕೋವಿ ಕಸುಬಿಗೇ ಒಂದು ಕೇರಿಯಿತ್ತು: ನಳಿಗೆ ಕೊರೆಯುವವನು ಒಬ್ಬ, ಲಾಕ್ (ತೋಟಾ ಸಿಡಿಸುವ ಯಂತ್ರಭಾಗ) ಮಾಡುವವನು ಇನ್ನೊಬ್ಬ, ಮರ ಕೂರಿಸುವವನು ಮತ್ತೊಬ್ಬ.

ಕೈಯಲ್ಲೇ ಮಾಡುತ್ತಿದ್ದರೇ ಎಂದು ಕೇಳಿದ್ದೀರಿ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಅರ ಹಿಡಿದು ಬದುಕಿದ ನನಗೆ ಇದು ತೀರ ಹತ್ತಿರದ ವಿಷಯ. ತೋಟಾ ತುಂಬಲು ನಳಿಗೆಯನ್ನು ಬಗ್ಗಿಸಿ ತೆರೆಯುತ್ತೀರಲ್ಲ, ಮುಚ್ಚಿದಾಗ ಅದು ಹಿಂದಿನ ಉಕ್ಕಿನ ಗೋಡೆಗೆ ಸಂದಿಲ್ಲದೆ ಕೂರಬೇಕು. ಅದಕ್ಕೆ ಕಸುಬುದಾರನು ಸೀಮೆಎಣ್ಣೆ ದೀಪದ ಮಸಿಯನ್ನು ಒಂದು ಭಾಗಕ್ಕೆ ತೆಳ್ಳಗೆ ಹಚ್ಚಿ, ಎರಡನ್ನೂ ಕೂಡಿಸಿ, ಮತ್ತೆ ತೆರೆದು ನೋಡುತ್ತಾನೆ. ಮಸಿ ಎಲ್ಲಿ ಅಂಟಿದೆಯೋ ಅಲ್ಲಿ ಲೋಹ ಉಬ್ಬಿದೆ ಎಂದರ್ಥ. ಅಷ್ಟನ್ನೇ ಅರದಿಂದ ಉಜ್ಜಿ ಮತ್ತೆ ಮಸಿ ಹಚ್ಚುತ್ತಾನೆ. ಮೈಯೆಲ್ಲ ಸಮನಾಗಿ ಕಪ್ಪಾಗುವವರೆಗೂ ಇದೇ ಕೆಲಸ. ಟೂಲ್‌ರೂಮಿನಲ್ಲಿ ನಾವು ಮಸಿಯ ಬದಲು ನೀಲಿ ಬಣ್ಣ ಹಚ್ಚುತ್ತಿದ್ದೆವು, ಕೆಲಸ ಒಂದೇ. ಒಮ್ಮೆ ಜಾಸ್ತಿ ಉಜ್ಜಿಬಿಟ್ಟರೆ ಹೋದ ಲೋಹ ಮರಳಿ ಬರುವುದಿಲ್ಲ, ಆದ್ದರಿಂದ ಕೈಗೆ ಆತುರ ಇರಬಾರದು. ಲಂಡನ್ನಿನಲ್ಲಿ 1814ರಿಂದಲೂ ಇರುವ ಪರ್ಡಿಯಂಥ ಕೋವಿ ಕಂಪನಿಗಳಲ್ಲಿ ಒರಟು ಆಕಾರವನ್ನು ಈಗ ಕಂಪ್ಯೂಟರ್ ಯಂತ್ರ ಕೊರೆದುಕೊಡುತ್ತದೆ. ಕೊನೆಯ ಹೊಂದಿಕೆ ಮಾತ್ರ ಇಂದಿಗೂ ಮಸಿ ಮತ್ತು ಅರದ್ದೇ.

ಮರದ ಹಿಡಿಯೂ ಹಾಗೆಯೇ. ಅಕ್ರೋಟು ಮರದ ಹಲಗೆಯನ್ನು ಕೊಳ್ಳುವವನ ತೋಳು, ಭುಜ, ಕೆನ್ನೆಯ ಅಳತೆಗೆ ಕೆತ್ತುತ್ತಾರೆ. ಬಲಗೈಯವನಿಗಾದರೆ ಹಿಡಿ ತುಸು ಬಲಕ್ಕೆ ವಾಲಿರುತ್ತದೆ, ಕೋವಿ ಎತ್ತಿದೊಡನೆ ಕಣ್ಣು ನಳಿಗೆಯ ನೇರಕ್ಕೆ ಬರಲಿ ಎಂದು. ಕೊನೆಗೆ ಅಗಸೆಎಣ್ಣೆಯನ್ನು ಅಂಗೈಯಿಂದಲೇ ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಾರೆ. ದಯವಿಟ್ಟು ಅದರ ಮೇಲೆ ವಾರ್ನಿಶ್ ಬಳಿಯಬೇಡಿ.

ಇನ್ನು ಹಾರಿಸುವ ಮಾತು. ನೀವು ಹೇಳುವ ಸುರುಳಿ ಗೆರೆ ಡಮಾಸ್ಕಸ್ ನಳಿಗೆಯ ಗುರುತು. ಕಬ್ಬಿಣ, ಉಕ್ಕಿನ ಸರಳುಗಳನ್ನು ಹುರಿಮಾಡಿ, ಕಂಬಿಯ ಸುತ್ತ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದ ನಳಿಗೆ ಅದು. ಕಪ್ಪು ಮದ್ದಿನ ಕಾಲದ್ದು. ನಳಿಗೆಯನ್ನು ಬಿಡಿಸಿ, ಅದರ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಸಂಸತ್ತಿನ ಕಾಯ್ದೆಯಿಂದ ಬಂದ ಪರೀಕ್ಷಾಲಯವಿದೆ. ಅಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ. 1904ರ ನಂತರದ ಮುದ್ರೆಗಳಲ್ಲಿ ಕಿರೀಟದ ಕೆಳಗೆ ‘ಎನ್‌ಪಿ’ ಎಂಬ ಅಕ್ಷರಗಳಿದ್ದರೆ ಇಂದಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆಯಾಗಿದೆ ಎಂದರ್ಥ. ಕಪ್ಪು ಮದ್ದಿನ ಮುದ್ರೆ ಮಾತ್ರ ಇದ್ದರೆ ಇಂದಿನ ತೋಟಾ ಹಾಕಲೇಬೇಡಿ, ನಳಿಗೆ ಸಿಡಿದು ಎಡಗೈ ಹೋಗಬಹುದು. ‘ಎನ್‌ಪಿ’ ಇದ್ದರೂ ತೋಟಾ ಕೂರುವ ಕೋಣೆಯ ಉದ್ದ ನೋಡಿಸಿ: ಹಳೆಯ 12 ಬೋರಿನ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ ಎರಡೂವರೆ ಇಂಚು, ಇಂದಿನ ತೋಟಾ ಸಾಮಾನ್ಯವಾಗಿ ಎರಡೂಮುಕ್ಕಾಲು. ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಆ ಹಳೆಯ ಮುದ್ರೆಯನ್ನೂ ನಂಬುವಂತಿಲ್ಲ. ಪರವಾನಗಿ ಇರುವ ದುರಸ್ತಿಗಾರನು ಅಳೆದು ಹೇಳುವವರೆಗೆ ಅದು ಐನ್‌ಮನೆಯ ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿ ಪೂಜೆಗಷ್ಟೇ ಇರಲಿ.

ಪ್ರಶ್ನೆ: ಕೆತ್ತನೆ ಹೆಚ್ಚಿದ್ದಷ್ಟೂ ಇಂಗ್ಲಿಷ್ ಕೋವಿ ಉತ್ತಮವೇ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಇಲ್ಲ. ಲಂಡನ್ನಿನ ಅತ್ಯುತ್ತಮ ಕೋವಿಗಳ ಮೇಲೆ ಹೆಚ್ಚಾಗಿ ಇರುವುದು ಸಣ್ಣ ಗುಲಾಬಿ, ಬಳ್ಳಿಯ ಸುರುಳಿ ಅಷ್ಟೇ. ನಾನಾದರೆ ಮೊದಲು ಮರ ಮತ್ತು ಲೋಹ ಸೇರುವ ಗೆರೆಯನ್ನು ನೋಡುತ್ತೇನೆ, ಆಮೇಲೆ ತಿರುಪುಗಳನ್ನು. ಒಳ್ಳೆಯ ಕೆಲಸದಲ್ಲಿ ಹೊರಗೆ ಕಾಣುವ ತಿರುಪಿನ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೇ ನೇರವಾಗಿ ನಿಂತಿರುತ್ತವೆ. ಒಂದು ಅಡ್ಡಡ್ಡ ನಿಂತಿದೆಯೆಂದರೆ ಯಾರೋ ಅವಸರದಲ್ಲಿ ಬಿಚ್ಚಿದ್ದಾರೆಂದು ಅನುಮಾನಿಸಬೇಕು. ಆ ಸೀಳುಗಳು ಬಹಳ ಸಣ್ಣವು. ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ಅಂಚು ಕಿತ್ತುಹೋಗುತ್ತದೆ, ಸೀಳಿನ ಅಳತೆಗೆ ತುದಿಯನ್ನು ತೇದುಕೊಂಡೇ ಬಳಸಬೇಕು.