18 ತುಂಬಿದ ಮೇಲೆ ಬಾಲಮಂದಿರ ಬಿಡಬೇಕು. ಕೆಲಸ ಹಿಡಿಯಲೋ, ಡಿಗ್ರಿ ಓದಲೋ?

ಕೆಲಸ, ಓದು ಆಮೇಲೆ. ನಿನ್ನ ಪ್ರಶ್ನೆಯಲ್ಲಿ ನನ್ನನ್ನು ಕುಕ್ಕಿದ್ದು ಬೇರೆ ಸಾಲು: 'ಚಿಕ್ಕಪ್ಪ ಕರೆದುಕೊಂಡು ಹೋಗುತ್ತಾರಂತೆ, ಆಫ್ಟರ್‌ಕೇರ್ ಬೇಡ ಅಂತ ಬರೆದುಕೊಟ್ಟು ಬರುತ್ತೇನೆ, ಇನ್ನು ಯಾರ ಹಂಗೂ ಬೇಡ.' ಆಫ್ಟರ್‌ಕೇರ್ ಅಂದರೆ ಬಾಲಮಂದಿರ ಬಿಟ್ಟ ಮೇಲೆ ಸರ್ಕಾರದಿಂದ ಸಿಗಬಹುದಾದ ನೆರವು. ತಮ್ಮಾ, ಆ ಕಾಗದ ಬರೆದುಕೊಡಬೇಡ. (ನೀನು ಅಂತಲೇ ಮಾತಾಡುತ್ತೇನೆ, ಬೇಜಾರಾಗಬೇಡ. ಬಾಲಮಂದಿರದಲ್ಲಿ ದೊಡ್ಡ ಹುಡುಗರು ಚಿಕ್ಕವರನ್ನು ನೀವು, ತಾವು ಅಂದದ್ದನ್ನು ನಾನಂತೂ ಕೇಳಿಲ್ಲ.)

ನಾನು ಬರೆದುಕೊಟ್ಟಿದ್ದೆ. ನನ್ನ ವಿಷಯದಲ್ಲಿ ಚಿಕ್ಕಪ್ಪ ಅಲ್ಲ, ಸೋದರಮಾವ. ವರ್ಷಕ್ಕೊಮ್ಮೆ ಬಂದು ಬಿಸ್ಕತ್ತು ಕೊಟ್ಟು ಹೋಗುತ್ತಿದ್ದರು. ಪಿಯುಸಿ ಮುಗಿಯುವ ಹೊತ್ತಿಗೆ 'ನಮ್ಮ ಮನೆಗೇ ಬಾ' ಅಂದರು. ಅಷ್ಟು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಹಾಗಾಗಿ ಹಿಂದೆ ಮುಂದೆ ನೋಡಲಿಲ್ಲ. ಇನ್ನೊಂದು ಕಾರಣವೂ ಇತ್ತು. ಬೆಲ್ ಹೊಡೆದಾಗ ಏಳುವುದು, ಸಾಲಲ್ಲಿ ನಿಂತು ತಟ್ಟೆ ಹಿಡಿಯುವುದು, ಹೊರಗೆ ಹೋಗಲು ರಿಜಿಸ್ಟರಿನಲ್ಲಿ ಸಹಿ ಹಾಕುವುದು, ಇದೆಲ್ಲ ಸಾಕಾಗಿ ಹೋಗಿತ್ತು. ಆಫ್ಟರ್‌ಕೇರ್ ಅಂದರೆ ಇನ್ನೂ ಮೂರು ವರ್ಷ ಇದೇ ಬೆಲ್ಲು, ಇದೇ ತಟ್ಟೆ ಅಂದುಕೊಂಡೆ. ಸುಮ್ನೆ ಅಂದುಕೊಂಡೆ ಅಷ್ಟೇ, ಯಾರನ್ನೂ ಕೇಳಲಿಲ್ಲ. 'ಸ್ವಂತ ಇಚ್ಛೆಯಿಂದ ಸಂಬಂಧಿಕರ ಮನೆಗೆ ಹೋಗುತ್ತಿದ್ದೇನೆ' ಅಂತ ಬಾಲಮಂದಿರದವರು ಹೇಳಿದ ಹಾಗೆ ಬರೆದು ಸಹಿ ಹಾಕಿದೆ. ಮನೆಗೆ ಸೇರಿದ ಹುಡುಗ ಅಂತ ಫೈಲು ಮುಚ್ಚಿದರು. ಅಲ್ಲಿದ್ದವರಿಗೂ ಒಂದು ಕೆಲಸ ಕಡಿಮೆಯಾಯಿತು, ಯಾರೂ ತಡೆಯಲಿಲ್ಲ.

ಬರೆಯದೇ ಇದ್ದಿದ್ದರೆ ಏನಾಗಬೇಕಿತ್ತು ಅನ್ನುವುದು ನನಗೆ ಗೊತ್ತಾದದ್ದು ಕಾಲ ಮೀರಿದ ಮೇಲೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಆಫ್ಟರ್‌ಕೇರ್ ಅನ್ನುವುದು ಸಂಸ್ಥೆ ಬಿಟ್ಟ, 18 ತುಂಬಿ 21 ತುಂಬದವರಿಗೆ. 2016ರ ಮಾದರಿ ನಿಯಮಗಳಲ್ಲಿ ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ ಮುಂದುವರಿಸಲು ಅವಕಾಶವಿದೆ. ಹುಡುಗ ಹೊರಡುವ ಎರಡು ತಿಂಗಳ ಮುಂಚೆಯೇ ಅವನಿಗೆ ಏನೇನು ಬೇಕು ಅಂತ ಒಂದು ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ, ಅಂದರೆ ನಮ್ಮಂಥವರ ಬಗ್ಗೆ ಆದೇಶ ಕೊಡುವ ಸಮಿತಿಗೆ, ಕೊಡಬೇಕು. ಆ ನಿಯಮಗಳಲ್ಲಿ ಹೇಳಿರುವ ವಸತಿ ಏನು ಗೊತ್ತಾ? ಆರರಿಂದ ಎಂಟು ಜನ ಸೇರಿ ಊರೊಳಗೆ ಇರುವ ಮನೆ. ಜೊತೆಗೆ ಓದಿಗೆ ವಿದ್ಯಾರ್ಥಿವೇತನ, ತರಬೇತಿ ಸಮಯದಲ್ಲಿ ಸ್ಟೈಪೆಂಡ್, ಮಾತಾಡಲು ಒಬ್ಬ ಕೌನ್ಸೆಲರ್. ಎಲ್ಲ ಕಡೆ ಇದು ಪುಸ್ತಕದಲ್ಲಿ ಇದ್ದಂತೆಯೇ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಕೊಡಲೇಬೇಕೆಂದು ಕಾಯ್ದೆ ಸರ್ಕಾರವನ್ನು ಕಟ್ಟಿಹಾಕಿಯೂ ಇಲ್ಲ. ಅದಕ್ಕೇ, ಬೇಡ ಅಂತ ಬರೆದುಕೊಟ್ಟವನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ.

ಮಾವನ ಮನೆ ಕಥೆ ಚಿಕ್ಕದು. ಅವರ ಅಂಗಡಿಗೆ ಸಂಬಳ ಕೇಳದ ಹುಡುಗ ಬೇಕಿತ್ತು. ಕೇಳಿದ ದಿನ ಜಗಳ, ಬ್ಯಾಗು ಹಿಡಿದು ಹೊರಗೆ ಬಂದೆ.

ಆಮೇಲೆ ಶುರುವಾಯಿತು ನೋಡು. ರೂಮಿನ ಓನರ್ 'ನಿಮ್ಮ ಅಪ್ಪನ ಹತ್ತಿರ ಮಾತಾಡಿಸು' ಅಂದರು. ಬಾಲಮಂದಿರದಲ್ಲಿದ್ದಾಗ ತೆರೆದಿದ್ದ ಬ್ಯಾಂಕ್ ಖಾತೆ ಇನ್ನೂ ಮೈನರ್ ಖಾತೆಯಾಗಿಯೇ ಇತ್ತು. ಸರಿ, ಬದಲಾಯಿಸೋಣ ಅಂದರೆ ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರ್ ಯಾವತ್ತೋ ವರ್ಗವಾಗಿ ಹೋದ ಸಿಬ್ಬಂದಿಯದ್ದು. ನನ್ನ ಒಟಿಪಿ ಎಲ್ಲ ಅವರ ಫೋನಿಗೆ! ಮಾರ್ಕ್ಸ್ ಕಾರ್ಡು ಮಾವನ ಬೀರುವಿನಲ್ಲಿ. ಕೆಲಸ ಸಿಕ್ಕರೂ ಸಂಬಳ ಹಾಕಿಸಿಕೊಳ್ಳಲು ಖಾತೆ ಇಲ್ಲದೆ ಗೆಳೆಯನ ಖಾತೆಗೆ ಹಾಕಿಸಿದೆ. ಆ ಗೆಳೆತನ ಉಳಿಯಲಿಲ್ಲ ಅಂತ ಬೇರೆ ಹೇಳಬೇಕಾ?

ಬಾಲಮಂದಿರಕ್ಕೆ ವಾಪಸ್ ಹೋಗಿ ಕೇಳಿದ್ದೂ ಆಯಿತು. 'ನೀನೇ ಬರೆದುಕೊಟ್ಟಿದ್ದೀಯಲ್ಲಪ್ಪ' ಅಂದರು. ತಲೆ ತಗ್ಗಿಸಿ ಬಂದುಬಿಟ್ಟೆ. ಆಗ ನನಗಿನ್ನೂ 20 ತುಂಬಿರಲಿಲ್ಲ. ಕೌಂಟರಿನಲ್ಲಿ ಕೇಳುವ ಬದಲು ಸಮಿತಿಗೇ ಅರ್ಜಿ ಬರೆದು, ಸ್ವೀಕೃತಿ ಪಡೆದು, ಕೂತಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಬಾಲಮಂದಿರದಲ್ಲಿ ಬೆಳೆದವರಿಗೆ ದೊಡ್ಡವರು ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಎದುರು ಕೇಳುವ ಅಭ್ಯಾಸವೇ ಇರುವುದಿಲ್ಲ, ಅಲ್ವಾ?

ಈಗ ನಿನ್ನ 'ಯಾರ ಹಂಗೂ ಬೇಡ' ವಿಷಯ. ಇದನ್ನು ನಾನು ಒಪ್ಪುವುದೇ ಇಲ್ಲ. ನನ್ನ ಈಗಿನ ಸಹೋದ್ಯೋಗಿಗಳಲ್ಲಿ ಅರ್ಧ ಜನ ಇವತ್ತಿಗೂ ಅಪ್ಪ ಅಮ್ಮನ ಮನೆಯಲ್ಲಿದ್ದಾರೆ. ಬಟ್ಟೆ ಒಗೆಯುವುದು ಅಮ್ಮ, ಬೈಕಿನ ಕಂತು ಕಟ್ಟಿದ್ದು ಅಪ್ಪ. ಅವರಿಗೆ ಯಾರೂ ಸ್ವಂತ ಕಾಲ ಮೇಲೆ ನಿಲ್ಲು ಅನ್ನುವುದಿಲ್ಲ. 18ಕ್ಕೆ ಒಬ್ಬನೇ ನಿಲ್ಲಬೇಕು ಅನ್ನುವ ಕಾನೂನು ನಮಗೆ ಮಾತ್ರ ಯಾಕೆ? ನಿನ್ನ ಚಿಕ್ಕಪ್ಪ ಒಳ್ಳೆಯವರೇ ಇರಬಹುದು. ಹಬ್ಬಕ್ಕೆ ಹೋಗು, ಒಂದು ವಾರ ಇದ್ದು ಬಾ. ಆದರೆ ಅವರನ್ನು ನಂಬಿಕೊಂಡು, ನಿನಗಿರುವ ಅವಕಾಶವನ್ನು ಬಿಟ್ಟುಕೊಡಬೇಡ.

ಹೊರಡುವ ಮುಂಚೆ ಸಮಿತಿಯ ಮುಂದೆ ಹೋಗಿ ನೀನೇ ಕೇಳು. ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ: ನನಗೆ ಆಫ್ಟರ್‌ಕೇರ್ ಆದೇಶ ಬೇಕು, ವಸತಿ ಬೇಕು, ಓದಿಗೆ ನೆರವು ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಂದು ಪ್ರತಿ ಕೊಡು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಆಫ್ಟರ್‌ಕೇರ್‌ಗೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಅಷ್ಟರಲ್ಲಿ ಜೀವನ ನಡೆಯುವುದಿಲ್ಲ, ನಿಜ. ಆದರೆ ಕೆಲಸ ಇಲ್ಲದ ತಿಂಗಳಲ್ಲಿ ಅದರ ಬೆಲೆ ಏನು ಅಂತ ನನ್ನನ್ನು ಕೇಳು. ಆಧಾರ್‌ಗೆ ನಿನ್ನದೇ ನಂಬರ್ ಹಾಕಿಸು, ಅದನ್ನು ಈ ವಾರವೇ ಮಾಡು. ಮಾರ್ಕ್ಸ್ ಕಾರ್ಡು, ಜನನ ಪ್ರಮಾಣ ಪತ್ರ, ಜಾತಿ ಪ್ರಮಾಣ ಪತ್ರ, ಸಮಿತಿಯ ಆದೇಶದ ಪ್ರತಿ ನಿನ್ನ ಕೈಯಲ್ಲೇ ಇರಲಿ, ಫೋಟೋ ತೆಗೆದು ಇಮೇಲಿಗೂ ಕಳಿಸಿಕೋ. ಚಿಕ್ಕಪ್ಪನಿಗೆ ಜೋಪಾನ ಮಾಡಲು ಕೊಡಬೇಡ.

ಇನ್ನು ಕೆಲಸವೋ ಓದೋ? ಮಲಗಲು ಜಾಗ, ಕೈಯಲ್ಲಿ ಕಾಗದಪತ್ರ ಇದ್ದರೆ ಡಿಗ್ರಿಗೇ ಸೇರು. ಸಂಜೆ ಹೊತ್ತು ಏನಾದರೂ ಕೆಲಸ ಮಾಡಿಕೊಳ್ಳಬಹುದು. ಅದೆರಡೂ ಇಲ್ಲದಿದ್ದರೆ ಎರಡರಲ್ಲಿ ಯಾವುದೂ ಆರು ತಿಂಗಳು ನಡೆಯುವುದಿಲ್ಲ.

ಬಾಲಮಂದಿರದಲ್ಲಿ ಬೆಳೆದೆ ಅಂತ ಕೆಲಸದ ಜಾಗದಲ್ಲಿ ಹೇಳಬೇಕಾ ಅಂತಲೂ ಕೇಳಿದ್ದೀಯ. ನಾನು ಇಂಟರ್‌ವ್ಯೂನಲ್ಲಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ರೂಮಿನ ಓನರ್‌ಗೆ ಮಾತ್ರ ಮೊದಲೇ ಹೇಳಿದೆ, ಎರಡು ಕಡೆ ಆಗಲ್ಲ ಅಂದರು, ಮೂರನೆಯವರು ಅಡ್ವಾನ್ಸ್ ಸ್ವಲ್ಪ ಜಾಸ್ತಿ ಕೇಳಿ ಕೀ ಕೊಟ್ಟರು.