ರೇಸಿಂಗ್ ಸಿಮ್ಯುಲೇಟರ್ ಕೊಳ್ಳಲೋ, ಸ್ಲಾಟ್ ಕಾರು ಕೂಡಿಡಲೋ?

ಗದಗದಲ್ಲಿ ಬಾಡಿಗೆ ಮನೆ, ಅದರಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಖಾಲಿ ಕೋಣೆ, ತಕ್ಕಮಟ್ಟಿನ ಗೇಮಿಂಗ್ ಕಂಪ್ಯೂಟರ್, ಕೈಯಲ್ಲಿ 80 ಸಾವಿರ ರೂಪಾಯಿ, ಜೊತೆಗೆ ಫಾರ್ಮುಲಾ ಒನ್ ಹುಚ್ಚು ಹತ್ತಿದ ಹತ್ತು ವರ್ಷದ ಮಗ. ಈ ಹಣವನ್ನು ರೇಸಿಂಗ್ ಸಿಮ್ಯುಲೇಟರ್‌ಗೆ, ಅಂದರೆ ಕಂಪ್ಯೂಟರ್ ಆಟದಲ್ಲಿ ಕಾರು ಓಡಿಸುವ ಸ್ಟೀರಿಂಗ್ ಮತ್ತು ಪೆಡಲ್‌ಗೆ ಹಾಕಬೇಕೋ, ಸೀಳಿರುವ ಟ್ರ್ಯಾಕಿನ ಮೇಲೆ ವಿದ್ಯುತ್ತಿನಿಂದ ಓಡುವ ಪುಟ್ಟ ಸ್ಲಾಟ್ ಕಾರುಗಳ ಸಂಗ್ರಹಕ್ಕೆ ಹಾಕಬೇಕೋ ಎಂದು ನೀವು ಕೇಳಿದ್ದೀರಿ. ನಾನು ಹುಬ್ಬಳ್ಳಿಯ ವಿದ್ಯಾನಗರದವನು. ಎರಡೂ ಗೀಳು ನನಗಿವೆ, ಎರಡರಲ್ಲೂ ದುಡ್ಡು ಕಳೆದುಕೊಂಡಿದ್ದೇನೆ. ನೀವು ಸಿಮ್ಯುಲೇಟರ್ ಕಡೆಗೇ ಹೋಗಿ ಎಂಬುದು ನನ್ನ ಸಲಹೆ, ಆದರೆ ಹಣದ ದೊಡ್ಡ ಪಾಲನ್ನು ಸ್ಟೀರಿಂಗಿಗೆ ಸುರಿಯಬೇಡಿ. ಸ್ಟೀರಿಂಗ್ ಯಾವುದರ ಮೇಲೆ ಕೂರುತ್ತದೆ, ನೀವು ಯಾವುದರ ಮೇಲೆ ಕೂರುತ್ತೀರಿ, ನಿಮ್ಮ ಕಾಲು ಯಾವುದನ್ನು ಒತ್ತುತ್ತದೆ ಎಂಬುದನ್ನು ಮೊದಲು ನೋಡಿ. ಸ್ಲಾಟ್ ಕಾರಿನಲ್ಲಿ ಸದ್ಯಕ್ಕೆ ಮಗನಿಗೊಂದು ಸೆಟ್ ಸಾಕು.

ಸ್ಟೀರಿಂಗ್‌ನಲ್ಲಿ ಮೂರು ಬಗೆ. ಆಟದೊಳಗಿನ ಟೈರಿನ ಮೇಲೆ ಬೀಳುವ ಬಲವನ್ನು ಒಂದು ಮೋಟಾರು ನಮ್ಮ ಕೈಗೆ ಮುಟ್ಟಿಸುತ್ತದೆ. ಆ ಮೋಟಾರಿಗೂ ಸ್ಟೀರಿಂಗಿಗೂ ನಡುವೆ ಹಲ್ಲುಚಕ್ರ ಇರಬಹುದು, ಬೆಲ್ಟ್ ಇರಬಹುದು, ಅಥವಾ ಏನೂ ಇಲ್ಲದೆ ಮೋಟಾರಿನ ದಂಡಕ್ಕೇ ಸ್ಟೀರಿಂಗ್ ಕೂತಿರಬಹುದು. 2015ರಲ್ಲಿ ಬಂದ ಲಾಜಿಟೆಕ್ ಜಿ29 ಮೊದಲನೆಯ ಬಗೆಯದು, ಎರಡೂವರೆ ಸುತ್ತು ಅಂದರೆ 900 ಡಿಗ್ರಿ ತಿರುಗುತ್ತದೆ. ಕೊನೆಯ ಬಗೆಗೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ, 2021ರ ಫಾನಾಟೆಕ್ ಸಿಎಸ್ಎಲ್ ಡಿಡಿ ಅದಕ್ಕೊಂದು ಉದಾಹರಣೆ. ಜಾಹೀರಾತಿನಲ್ಲಿ ಕಾಣುವ ನ್ಯೂಟನ್ ಮೀಟರ್, ಅಂದರೆ ತಿರುಗಿಸುವ ಬಲದ ಲೆಕ್ಕಕ್ಕೆ ಹೆದರಬೇಕಾಗಿಲ್ಲ. 30 ಸೆಂಟಿಮೀಟರ್ ಅಗಲದ ಸ್ಟೀರಿಂಗ್‌ನಲ್ಲಿ 5 ನ್ಯೂಟನ್ ಮೀಟರ್ ಎಂದರೆ ಅದರ ಅಂಚಿನಲ್ಲಿ ಸುಮಾರು ಮೂರೂವರೆ ಕಿಲೋ ತೂಕ ಜಗ್ಗಿದಷ್ಟು, 2 ನ್ಯೂಟನ್ ಮೀಟರ್ ಎಂದರೆ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ. ಹಲ್ಲುಚಕ್ರದ್ದು ಕಟಕಟ ಸದ್ದು ಮಾಡುತ್ತದೆ, ರಾತ್ರಿ ಹೊತ್ತು ಪಕ್ಕದ ಕೋಣೆಯವರಿಗೆ ಕೇಳಿಸುತ್ತದೆ ಎಂಬುದು ನಿಜ. ಆದರೂ ಕಲಿಯುವವನಿಗೆ ಅದು ಧಾರಾಳವಾಗಿ ಸಾಕು.

ನಿಜವಾಗಿ ಹಣ ಹಾಕಬೇಕಾದದ್ದು ಬ್ರೇಕಿಗೆ. ಇಟಲಿಯ ಮೋಂಜಾ ರೇಸ್ ಟ್ರ್ಯಾಕಿನ ಮೊದಲ ತಿರುವಿಗೆ ಬರುವಾಗ ಫಾರ್ಮುಲಾ ಒನ್ (ಎಫ್1) ಕಾರು ಗಂಟೆಗೆ 330 ಕಿಲೋಮೀಟರಿಗೂ ಮೇಲಿನ ವೇಗದಿಂದ 100ರ ಒಳಗೆ ಇಳಿಯಬೇಕು, ಚಾಲಕ ಪೆಡಲ್ ಮೇಲೆ 100 ಕಿಲೋ ಮೀರಿದ ಒತ್ತಡ ಹಾಕುತ್ತಾನೆ, ಆಮೇಲೆ ತಿರುವಿನೊಳಗೆ ಹೋಗುತ್ತ ಹೋಗುತ್ತ ಆ ಒತ್ತಡವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾನೆ. ಅಗ್ಗದ ಪೆಡಲ್ ಅಳೆಯುವುದು ಕಾಲು ಎಷ್ಟು ದೂರ ಸರಿಯಿತು ಎಂಬುದನ್ನು. ಲೋಡ್ ಸೆಲ್ ಪೆಡಲ್ ಅಳೆಯುವುದು ಕಾಲು ಎಷ್ಟು ಜೋರಾಗಿ ಒತ್ತಿತು ಎಂಬುದನ್ನು. ದುರ್ಗದಬೈಲಿನ ಕಾಯಿಪಲ್ಲೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುವುದೂ ಇದೇ ಲೋಡ್ ಸೆಲ್: ಲೋಹದ ತುಂಡೊಂದು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಅದರಿಂದ ಬದಲಾಗುತ್ತದೆ, ಆ ಬದಲಾವಣೆಯೇ ಅಂಕಿಯಾಗುತ್ತದೆ. ನಮ್ಮ ಕಾಲಿಗೆ ದೂರಕ್ಕಿಂತ ಒತ್ತಡ ಚೆನ್ನಾಗಿ ನೆನಪಿರುತ್ತದೆ. ನಾನು ಸ್ಟೀರಿಂಗ್ ಬದಲಿಸಿದಾಗ ನನ್ನ ಲ್ಯಾಪ್ ಸಮಯ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಪೆಡಲ್ ಬದಲಿಸಿದ ಎರಡನೆಯ ವಾರಕ್ಕೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಾರನ್ನು ನಿಧಾನಗೊಳಿಸುವುದು ಸಾಧ್ಯವಾಯಿತು. ನಿಮ್ಮಲ್ಲಿ ಕಂಪ್ಯೂಟರ್ ಇರುವುದು ಅನುಕೂಲವೇ ಆಯಿತು, ಏಕೆಂದರೆ ಯುಎಸ್‌ಬಿ ಪೆಡಲ್ ಒಂದು ಕಂಪನಿಯದು, ಸ್ಟೀರಿಂಗ್ ಇನ್ನೊಂದು ಕಂಪನಿಯದು ಇದ್ದರೂ ಅದರಲ್ಲಿ ನಡೆಯುತ್ತದೆ. ಮುಂದೆ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ತೆಗೆದುಕೊಳ್ಳುವ ಮನಸ್ಸಿದ್ದರೆ ಅದಕ್ಕೆ ಹೊಂದುವ ಸ್ಟೀರಿಂಗ್ ಯಾವುದೆಂದು ಈಗಲೇ ನೋಡಿಕೊಳ್ಳಿ: ಜಿ29 ಪ್ಲೇಸ್ಟೇಷನ್‌ಗೆ ಸೇರುತ್ತದೆ, ಎಕ್ಸ್‌ಬಾಕ್ಸ್‌ಗೆ ಸೇರುವುದಿಲ್ಲ.

ಆದರೆ ಗಟ್ಟಿ ಬ್ರೇಕ್ ತಂದರೆ ಗಟ್ಟಿ ಕುರ್ಚಿಯೂ ಬೇಕಾಗುತ್ತದೆ, ನಾನು ಎಡವಿದ್ದು ಅಲ್ಲೇ. ನನ್ನದು ಗಾಲಿಯ ಆಫೀಸ್ ಕುರ್ಚಿ. ಮೊದಲ ದಿನ ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಕಾರು ನಿಲ್ಲಲಿಲ್ಲ, ನಾನೇ ಕುರ್ಚಿಸಮೇತ ಹಿಂದಕ್ಕೆ ಹೋಗಿ ಗೋಡೆಗೆ ಬಡಿದೆ. ಐದು ಗಾಲಿಗೂ ಹಳೆಯ ರಬ್ಬರ್ ಚಪ್ಪಲಿ ತೊಡಿಸಿ ಕೂತಿದ್ದಾಗ ಅವ್ವ ಬಾಗಿಲಲ್ಲಿ ನಿಂತು, “ಯಾಕೋ ತಮ್ಮಾ, ಕುರ್ಚಿಗೂ ಚಪ್ಪಲ್ ಹಾಕೀಯಲ್ಲೋ, ಅದೆಲ್ಲಿಗ್ ಹೊಂಟೈತಿ?” ಎಂದಳು. ಕುರ್ಚಿ ನಿಂತಿತು, ಮೇಜು ಅಲುಗಾಡತೊಡಗಿತು. ಕೊನೆಗೆ ಗೋಕುಲ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಗೆ ರಟ್ಟಿನ ಮೇಲೆ ಬರೆದ ಅಳತೆ ಒಯ್ದು, 40 ಮಿಲಿಮೀಟರಿನ ಚೌಕ ಪೈಪಿನಲ್ಲಿ ಚೌಕಟ್ಟು ಮಾಡಿಸಿದೆ. ಗುಜರಿಯಲ್ಲಿ ಸಿಕ್ಕ ಮಾರುತಿ 800ರ ಸೀಟನ್ನು ಅದರ ಹಳಿಯ ಸಮೇತ ಅದರ ಮೇಲೆ ಕೂಡಿಸಿದೆ. “ಸರ, ಇದು ಕುರ್ಚಿ ಏನ್ರಿ, ಗಾಡಿ ಏನ್ರಿ?” ಎಂದು ಕೇಳುತ್ತಲೇ ಆ ಮಿಸ್ತ್ರಿ ನಾನು ಯೋಚಿಸದೆ ಇದ್ದ ಒಂದು ಅಡ್ಡಪಟ್ಟಿಯನ್ನು ಪೆಡಲ್ ಹಿಂದೆ ಸೇರಿಸಿದ, ಇಡೀ ಚೌಕಟ್ಟಿನಲ್ಲಿ ಅತಿ ಉಪಯುಕ್ತವಾದದ್ದು ಅದೇ. ಪೈಪು, ಕೂಲಿ, ಬಣ್ಣ, ಸೀಟು ಎಲ್ಲ ಸೇರಿ 9 ಸಾವಿರ ಬಿತ್ತು. ನಿಮ್ಮದು ಬಾಡಿಗೆ ಮನೆಯಾದ್ದರಿಂದ ಎಲ್ಲವನ್ನೂ ಬೆಸೆಯಬೇಡಿ. ಮೂರು ತುಂಡಾಗಿ ಬಿಚ್ಚುವಂತೆ ನಟ್ಟು ಬೋಲ್ಟ್ ಹಾಕಿಸಿ.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವಾಗ ಏರಿಳಿತವಾಗುತ್ತದೆ, ಆದ್ದರಿಂದ ಅರ್ಥಿಂಗ್ ಸರಿಯಿರುವ ಪ್ಲಗ್ ಬೇಕು, ಕಂಪ್ಯೂಟರಿಗೆ ಯುಪಿಎಸ್ ಬೇಕು. ಡೈರೆಕ್ಟ್ ಡ್ರೈವ್ ಕೊಳ್ಳುವುದಾದರೆ ಅದರ ಪವರ್ ಸಪ್ಲೈ ಎಷ್ಟು ವಾಟ್‌ನದು ಎಂದು ಕೇಳಿ. ನಾನು ಮೇಲೆ ಹೇಳಿದ ಸಿಎಸ್ಎಲ್ ಡಿಡಿ 90 ವಾಟ್‌ನಲ್ಲಿ 5 ನ್ಯೂಟನ್ ಮೀಟರ್ ಕೊಡುತ್ತದೆ, 8 ಬೇಕಾದರೆ 180 ವಾಟ್‌ನ ಸಪ್ಲೈ ಬೇಕು.

ಇನ್ನು ಸ್ಲಾಟ್ ಕಾರು. ಫ್ರೆಡ್ ಫ್ರಾನ್ಸಿಸ್ ಎಂಬ ಇಂಗ್ಲಿಷ್ ತಯಾರಕ ಮೊದಲು ಸ್ಕೇಲೆಕ್ಸ್ ಎಂಬ ಸ್ಪ್ರಿಂಗಿನಿಂದ ಓಡುವ ತಗಡಿನ ಕಾರು ಮಾಡುತ್ತಿದ್ದ. 1957ರಲ್ಲಿ ಅದಕ್ಕೆ ವಿದ್ಯುತ್ ಮೋಟಾರು ಕೂಡಿಸಿ ಸ್ಕೇಲೆಕ್ಸ್‌ಟ್ರಿಕ್ ಎಂದು ಹೆಸರಿಟ್ಟ. ಮೊದಲ ಕಾರುಗಳಲ್ಲಿ ಮಸೆರಾಟಿ 250ಎಫ್ ಒಂದು, ಅದೇ ವರ್ಷ ಅರ್ಜೆಂಟೀನಾದ ಎಫ್1 ಚಾಲಕ ಫ್ಯಾಂಜಿಯೊ ತನ್ನ ಐದನೆಯ ವಿಶ್ವ ಪಟ್ಟ ಗೆದ್ದದ್ದು ಅದೇ ಮಾದರಿಯ ನಿಜವಾದ ಕಾರಿನಲ್ಲಿ. ಈಗ ಮನೆಗಳಲ್ಲಿ ಹೆಚ್ಚಾಗಿ ಓಡುವುದು 32ರಲ್ಲಿ ಒಂದು ಪಾಲಿನ ಅಳತೆಯವು. ಟ್ರ್ಯಾಕಿನ ಸೀಳಿನ ಎರಡೂ ಬದಿಗೆ ಲೋಹದ ಹಳಿಗಳಿವೆ. ಕಾರಿನ ಮೂತಿಯ ಕೆಳಗಿನ ನಾಲಗೆ ಸೀಳಿನೊಳಗೆ ಇಳಿಯುತ್ತದೆ, ಅದರ ಎರಡು ಮಗ್ಗುಲಿನ ತಾಮ್ರದ ಹೆಣೆದ ಪಟ್ಟಿಗಳು ಹಳಿಯಿಂದ ವಿದ್ಯುತ್ ಎತ್ತಿಕೊಂಡು ಮೋಟಾರಿಗೆ ಕೊಡುತ್ತವೆ. ನಮ್ಮ ಕೈಯಲ್ಲಿರುವುದು ಒಂದೇ ಬೆರಳಿನ ಕೆಲಸ: ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು. ತಿರುವಿನ ಮೊದಲು ಬಿಡುವುದನ್ನು ಮಗ ಇದರಲ್ಲಿ ಕಲಿತರೆ ಪೆಡಲ್ ಮುಂದೆ ಕೂತಾಗ ಅರ್ಧ ಕೆಲಸ ಮುಗಿದಿರುತ್ತದೆ.

ಇಲ್ಲಿಯೂ ಅಡಿಯಲ್ಲಿ ಏನು ಹಾಸಿದ್ದೀರಿ ಎಂಬುದೇ ಮುಖ್ಯ. ನಾನು ಟ್ರ್ಯಾಕನ್ನು ನವಲಗುಂದದ ಜಮಖಾನೆಯ ಮೇಲೆ ಹಾಸಿದ್ದೆ, ನೋಡಲು ಬಹಳ ಚೆಂದ. ಆದರೆ ಜೋಡಣೆಗಳು ತಗ್ಗಿ ಕಾರು ನಡುನಡುವೆ ಮುಗ್ಗರಿಸಿತು, ಮೂರೇ ದಿನದಲ್ಲಿ ಹತ್ತಿಯ ಎಳೆಗಳು ಹಿಂದಿನ ಅಚ್ಚಿಗೆ ಸುತ್ತಿ ಹಲ್ಲುಚಕ್ರ ಹಿಡಿದುಕೊಂಡಿತು. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿಯದು ಬರುತ್ತದೆ, ಅದನ್ನು 6 ಅಡಿಗೆ ಕೊಯ್ಯಿಸಿದರೂ ಸಣ್ಣ ಓವಲ್ ಕೂರುತ್ತದೆ. ಆಟ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು. ಟ್ರ್ಯಾಕ್ ಉದ್ದವಾದರೆ ದೂರದ ತುದಿಯಲ್ಲಿ ಕಾರು ಸೋಲುತ್ತದೆ, ಆಗ ಅಲ್ಲಿಗೆ ಇನ್ನೊಂದು ಜೋಡಿ ತಂತಿ ಎಳೆಯಬೇಕು. ಮಳೆಗಾಲದಲ್ಲಿ ಹಳಿಗೆ ಕಿಲುಬು ಬಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೆಟ್ರೋಲ್ ಮುಟ್ಟಿಸಬೇಡಿ.

ಸಂಗ್ರಹ ಬೇರೆಯದೇ ಹಾದಿ. ಓಡಿಸುವ ಕಾರು ಮತ್ತು ಕೂಡಿಡುವ ಕಾರು ಒಂದೇ ಆಗಲಾರದು, ಎಫ್1 ಮಾದರಿಯಲ್ಲಿ ಮುಂದಿನ ರೆಕ್ಕೆಯೂ ಕನ್ನಡಿಯೂ ಮೊದಲ ಪಲ್ಟಿಗೇ ಹಾರುತ್ತವೆ, ಅವು ಹೋದ ಮೇಲೆ ಸಂಗ್ರಾಹಕ ಕೊಡುವ ಬೆಲೆ ಬಿದ್ದುಹೋಗುತ್ತದೆ. ಮೂಲ ಡಬ್ಬಿಯನ್ನು ಎಸೆಯಬೇಡಿ. ಬಿಸಿಲು ತಾಗಿದರೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಟೈರು ಬಹುಕಾಲ ಪ್ಲಾಸ್ಟಿಕ್ಕಿಗೆ ತಾಗಿಯೇ ಇದ್ದರೆ ಕಲೆ ಬಿಟ್ಟು ಅಂಟುತ್ತದೆ. ನನ್ನ ದೊಡ್ಡ ತಪ್ಪು ಇನ್ನೊಂದು: ಒಂದು ಮಳೆಗಾಲ ಹುಳ ಬಾರದಿರಲೆಂದು ಕಪಾಟಿನಲ್ಲಿ ಡಾಂಬರು ಗುಳಿಗೆ ಇಟ್ಟೆ, ದೀಪಾವಳಿಗೆ ತೆಗೆದು ನೋಡಿದರೆ ಎರಡು ಕಾರುಗಳ ಗಾಜಿನಂಥ ಕಿಟಕಿ ಮಬ್ಬಾಗಿ ಮೇಲ್ಮೈ ಜಿಗುಟಾಗಿತ್ತು. ಆ ಗುಳಿಗೆಯ ಆವಿ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ ಸಾಕು.

ಹೊರದೇಶದಿಂದ ತರಿಸುವ ಆಸೆಯಿದ್ದರೆ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಮೆರಿಕದಿಂದ ಬಂದ ಬಂಧುವೊಬ್ಬರು ತಂದ ಸೆಟ್ಟಿನ ಅಡಾಪ್ಟರ್ 120 ವೋಲ್ಟಿನದು ಎಂದು ನೋಡದೆ ನಾನು ಪಿನ್ ಬದಲಿಸುವ ತುಂಡು ಸಿಕ್ಕಿಸಿ ನಮ್ಮ 230 ವೋಲ್ಟಿಗೆ ಚುಚ್ಚಿದೆ, ಒಂದು ಸಣ್ಣ ಟಪ್ ಸದ್ದು, ಸುಟ್ಟ ವಾಸನೆ, ಅಲ್ಲಿಗೆ ಮುಗಿಯಿತು. ಆ ತುಂಡು ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟನ್ನಲ್ಲ.

ಆದ್ದರಿಂದ ಸದ್ಯಕ್ಕೆ ಜಿ29 ಮಟ್ಟದ ಸ್ಟೀರಿಂಗ್‌ಗೆ 30 ಸಾವಿರದ ಆಸುಪಾಸು ಇಟ್ಟುಕೊಳ್ಳಿ, ಉಳಿದದ್ದರಲ್ಲಿ ಮೊದಲು ಚೌಕಟ್ಟು, ಆಮೇಲೆ ಲೋಡ್ ಸೆಲ್ ಪೆಡಲ್, ಕೊನೆಗೆ ಮಗನ ಸೆಟ್. ಚೌಕಟ್ಟಿಗೆ ಅಳತೆ ಕೊಡುವ ಮುನ್ನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಮೊಣಕಾಲು ಸ್ವಲ್ಪ ಮಡಚಿ, ಗೋಡೆಯಿಂದ ಹಿಮ್ಮಡಿಯವರೆಗಿನ ದೂರವನ್ನು ನಿಮ್ಮದೂ ಮಗನದೂ ಎರಡನ್ನೂ ಬರೆದುಕೊಳ್ಳಿ; ಸೀಟಿನ ಹಳಿ ಆ ಎರಡು ಅಳತೆಗಳ ನಡುವೆ ಸರಿಯುವಂತಿರಬೇಕು. ಚೌಕಟ್ಟು ಸಿದ್ಧವಾದ ದಿನ ಅಂಗಡಿಯಲ್ಲೇ ಅದರ ಮೇಲೊಂದು ಸ್ಟೀಲ್ ಲೋಟದಲ್ಲಿ ನೀರಿಟ್ಟು, ಸೀಟಿನಲ್ಲಿ ಕೂತು ಪೆಡಲ್ ಇರುವ ಜಾಗವನ್ನು ಜೋರಾಗಿ ಒದೆಯಿರಿ. ನೀರು ತುಳುಕಿದರೆ ಇನ್ನೊಂದು ಅಡ್ಡಪಟ್ಟಿ ಹಾಕಿಸಿಕೊಂಡೇ ಮನೆಗೆ ಒಯ್ಯಿರಿ.