ಹೊಸ ಬ್ಯಾಟರಿ ಹಾಕಿಸಿದರೂ ನಾಲ್ಕು ದಿನ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗಲ್ಲ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಹೋಗಿದೆ ಅಂತಾರೆ ಮೆಕ್ಯಾನಿಕ್. ಬದಲಾಯಿಸಲೇ?

ಸದ್ಯಕ್ಕೆ ಬೇಡ. ದಿನಾ ಓಡಿಸಿದರೆ ತೊಂದರೆ ಇಲ್ಲ, ವರ್ಕ್ ಫ್ರಮ್ ಹೋಮ್ ವಾರದಲ್ಲಿ ಬೇಸ್‌ಮೆಂಟಿನಲ್ಲಿ ನಿಂತರೆ ಮಾತ್ರ ಸೆಲ್ಫ್ ಎತ್ತಲ್ಲ ಅಂತ ಬರೆದಿದ್ದೀರಿ. ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೆ ದಿನಾ ಓಡಿಸುವಾಗಲೇ ಗೊತ್ತಾಗುತ್ತಿತ್ತು. ಕಾರು ಆಫ್ ಇದ್ದಾಗ ಏನೋ ಕರೆಂಟ್ ಎಳೆಯುತ್ತಿದೆ ಅಂತ ನನ್ನ ಅನುಮಾನ.

ಮೊದಲು ಬ್ಯಾಟರಿಯನ್ನು ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿ. ಜಂಪ್ ಸ್ಟಾರ್ಟ್ ಮಾಡಿ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ ನಿಂತರೆ ಅದು ತುಂಬುವುದಿಲ್ಲ. ಆಮೇಲೆ ಎಸ್.ಪಿ. ರೋಡಿನಲ್ಲಿ ಒಂದು ಸಾದಾ ಮಲ್ಟಿಮೀಟರ್ ತಗೊಳ್ಳಿ. 10 ಆಂಪಿಯರ್ ಡಿಸಿ ಅಳೆಯುವಂತಿದ್ದರೆ ಸಾಕು.

ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಚಾರ್ಜಿಂಗ್ ಆಗುತ್ತಿದೆ ಅಂತ ಅರ್ಥ. ಕೆಲವರು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ಆಲ್ಟರ್ನೇಟರ್ ಪರೀಕ್ಷೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋದೀತು.

ಈಗ ಮುಖ್ಯ ಕೆಲಸ. ಬಾನೆಟ್ ತೆರೆದಿಡಿ, ಬಾಗಿಲು ಮುಚ್ಚಿ, ಕೀ ದೂರ ಇಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಆ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಮೀಟರನ್ನು 10 ಆಂಪಿಯರ್‌ನಲ್ಲಿ ಸೇರಿಸಿ. ಮೀಟರ್ ಹಾಗೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಇಗ್ನಿಷನ್ ಕೂಡ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಮೊದಲು ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಕಾರಿನ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು. ಒಂದು ಕಾಫಿ ಕುಡಿದು ಬನ್ನಿ.

ಆಮೇಲೆ 50 ಮಿಲಿಆಂಪ್ ಒಳಗಿದ್ದರೆ ಸರಿ. ಅಷ್ಟು ಎಳೆದರೆ ದಿನಕ್ಕೆ ಹೋಗುವುದು 1.2 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಮಲಗಬೇಕಾದರೆ 200–300 ಮಿಲಿಆಂಪ್ ಸೋರುತ್ತಿರಬೇಕು. ನೀವು ಹುಡುಕಬೇಕಾದದ್ದು ಅದನ್ನೇ.

ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ನಾನಾದರೆ ಆಮೇಲೆ ಹಾಕಿಸಿದ ಸಾಮಾನುಗಳಿಂದ ಶುರು ಮಾಡುತ್ತೇನೆ: ನೇರ ಬ್ಯಾಟರಿಯಿಂದ ವೈರ್ ಎಳೆದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸ್ಟೀರಿಯೋ. ಪಾರ್ಕಿಂಗ್ ಮೋಡ್ ಇರುವ (ಕಾರು ನಿಂತಾಗಲೂ ಕೆಲಸ ಮಾಡುವ) ಡ್ಯಾಶ್‌ಕ್ಯಾಮ್ ಒಂದೇ ಸಾಕು, ಇಷ್ಟು ಕುಡಿಯುತ್ತದೆ. ಡಿಕ್ಕಿ ಲೈಟ್ ಆರುತ್ತದಾ ಅಂತ ಫೋನ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ನೋಡಿ.

ಈ ಸಾಮಾನುಗಳ ವೈರ್ ಬಿಚ್ಚಿ, ಎಲ್ಲ ಫ್ಯೂಸ್ ಕಿತ್ತರೂ ಮೀಟರ್ ಇಳಿಯಲಿಲ್ಲ ಅಂದರೆ ಆಗ ಆಲ್ಟರ್ನೇಟರ್ ಕಡೆ ನೋಡಬೇಕು. ಅದರ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟರೆ ಎಂಜಿನ್ ಓಡುವಾಗ ಚಾರ್ಜಿಂಗ್ ಸರಿ ಇದ್ದಂತೆ ಕಾಣಿಸಬಹುದು, ನಿಂತಾಗ ಅದೇ ದಾರಿಯಲ್ಲಿ ಕರೆಂಟ್ ವಾಪಸ್ ಸೋರುತ್ತದೆ. ಬ್ಯಾಟರಿ ಬಿಚ್ಚಿಟ್ಟು ಆಲ್ಟರ್ನೇಟರಿನ ದಪ್ಪ ವೈರ್ ತೆಗೆದು, ಅದರ ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಸೋರಿಕೆ ನಿಂತರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಹಾಗಿದ್ದರೂ ಪೂರ್ತಿ ಆಲ್ಟರ್ನೇಟರ್ ಕೊಳ್ಳುವ ಮೊದಲು ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಷ್ಟೋ ಸಲ ಡಯೋಡ್ ಪ್ಲೇಟ್ ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ.